ಎಷ್ಟು ಹಿಂಡಿದರೂ ಮುಗಿಯದ ಸ್ಪಂಜು

ನಾಶಿಕ ಜಿಲ್ಲೆಯ ದಿಂಡೋರಿ ದ್ರಾಕ್ಷಿ ಬೆಳೆಗೆ ಹೆಸರಾದ ತಾಲ್ಲೂಕು. ಅಲ್ಲಿನ ರೈತನ ಜಮೀನಿನ ಕಾಗದಕ್ಕೆ ಸಾತ್‌ಬಾರಾ ಎಂದು ಹೆಸರು. ನಮ್ಮ ಪಹಣಿಯ ಅಣ್ಣತಮ್ಮ ಅನ್ನಿ. ಹಿಂದೆ ಅದಕ್ಕೆ ತಲಾಠಿಯ ಸಹಿ, ಮೊಹರು ಬೀಳಬೇಕಾಗಿತ್ತು. ಈಗ ಡಿಜಿಟಲ್ ಸಹಿಯಿರುವ ಸಾತ್‌ಬಾರಾ ಗಣಕದಿಂದಲೇ ಇಳಿದು ಬರುತ್ತದೆ. ಶಾಯಿಯಿಲ್ಲ, ಅರಗಿಲ್ಲ. ಹಾಗಾದರೆ ನಡುವೆ ಯಾರೋ ಆ ಕಡತದಲ್ಲಿ ಕೈಯಾಡಿಸಿ 3 ಹೆಕ್ಟೇರನ್ನು 8 ಮಾಡಿಬಿಟ್ಟರೆ ಗೊತ್ತಾಗುವುದು ಹೇಗೆ?

ಗೊತ್ತಾಗುತ್ತದೆ. ಅದನ್ನು ಹಿಡಿದುಕೊಡುವ ಲೆಕ್ಕಕ್ಕೆ ಹ್ಯಾಶ್ ಅಂತ ಹೆಸರು. ಕಡತ ಎಷ್ಟೇ ದಪ್ಪವಿರಲಿ, ಅದನ್ನು ಅರೆದು ಒಂದು ಗಿಡ್ಡ ಅಂಕಿಸಾಲನ್ನು ತೆಗೆಯುವುದು ಹ್ಯಾಶಿನ ಕೆಲಸ. ಸಹಿ ಬೀಳುವುದು ಆ ಸಾಲಿನ ಮೇಲೆ. ಕಡತದಲ್ಲಿ ಒಂದು ಅಂಕಿ ಬದಲಾದರೂ ಸಾಲು ಪೂರ್ತಿ ಬೇರೆಯಾಗುತ್ತದೆ, ಸಹಿ ತಾಳೆಯಾಗುವುದಿಲ್ಲ. ನಮ್ಮ ದೇಶದ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 3ನೆಯ ಕಲಮಿನಲ್ಲೇ ಹ್ಯಾಶಿನ ವಿವರಣೆಯಿದೆ: ಒಂದೇ ದಾಖಲೆಗೆ ಪ್ರತಿಸಲವೂ ಒಂದೇ ಹ್ಯಾಶ್ ಬರಬೇಕು, ಹ್ಯಾಶಿನಿಂದ ಹಿಂದಕ್ಕೆ ನಡೆದು ಮೂಲ ದಾಖಲೆಯನ್ನು ಕಟ್ಟುವುದಾಗಲಿ, ಒಂದೇ ಹ್ಯಾಶ್ ಬರುವ ಎರಡು ದಾಖಲೆಗಳನ್ನು ಹೊಂಚುವುದಾಗಲಿ ಗಣಕದ ಶಕ್ತಿಗೆ ಮೀರಿದ್ದಾಗಿರಬೇಕು. ಹ್ಯಾಶ್ ಮೂಲಕ್ಕಿಂತ ಸಾಮಾನ್ಯವಾಗಿ ಚಿಕ್ಕದು ಎಂದೂ ಅಲ್ಲಿ ಹೇಳಿದೆ. ಕಾಯಿದೆ ಬರೆದವರು ಆ 'ಸಾಮಾನ್ಯವಾಗಿ' ಸೇರಿಸಿದ್ದು ಒಳ್ಳೆಯದೇ ಆಯಿತು. ಯಾಕಂದ್ರೆ ಈಗ ಕೇಳಿದಷ್ಟು ಉದ್ದ ಫಲ ಕೊಡುವ ಹ್ಯಾಶುಗಳೂ ಬಂದಿವೆ. ಮೂಲ ಒಂದೇ ಅಕ್ಷರವಿದ್ದರೂ ಸೈ, ಒಂದು ಕೋಟಿ ಬೈಟು ಬೇಕೆಂದರೂ ಕೊಡುತ್ತವೆ.

ಇದರ ಕಥೆ ಸ್ವಲ್ಪ ಹೇಳಬೇಕು. 2007ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ಹೊಸ ಹ್ಯಾಶಿಗಾಗಿ ಜಗತ್ತಿಗೆಲ್ಲ ಬಹಿರಂಗ ಸ್ಪರ್ಧೆ ಸಾರಿತು. ಬಂದ ಅರ್ಜಿಗಳು 64. ಐದು ವರ್ಷ ಒಬ್ಬರದನ್ನೊಬ್ಬರು ಜಾಲಾಡಿದ ಮೇಲೆ, 2012ರ ಅಕ್ಟೋಬರಿನಲ್ಲಿ ಗೆದ್ದದ್ದು ಕೆಚಾಕ್. ರಚಿಸಿದವರು ಗೀಡೊ ಬೆರ್ಟೋನಿ, ಯೋವಾನ್ ದಾಮೆನ್, ಮಿಶೆಲ್ ಪೀಟರ್ಸ್, ಜಿಲ್ ವಾನ್ ಆಶೆ ಎಂಬ ನಾಲ್ವರು. 2015ರ ಆಗಸ್ಟಿನಲ್ಲಿ ಅದು ಶಾ-3 ಎಂಬ ಮಾನಕವಾಯಿತು. ಅದೇ ಮಾನಕದೊಳಗೆ ಶೇಕ್-128, ಶೇಕ್-256 ಎಂಬ ಎರಡು ಉದ್ದ ಹಿಗ್ಗುವ ಹ್ಯಾಶುಗಳೂ ಸೇರಿದವು.

ಕೆಚಾಕಿನ ಒಳಗುಟ್ಟು ಒಂದು ಸ್ಪಂಜು. ಇದು ನಾನು ಕಟ್ಟಿದ ಉಪಮೆಯಲ್ಲ, ರಚಿಸಿದವರೇ ಇಟ್ಟ ಹೆಸರು. ಸ್ಪಂಜು ಅಂದ್ರೆ ಇಲ್ಲಿ 200 ಬೈಟಿನ ಒಂದು ಪೆಟ್ಟಿಗೆ. ಐದು ಸಾಲು, ಐದು ಕಂಬ, ಮನೆಗೆ ಎಂಟು ಬೈಟು. ಚೌಕಾಬಾರದ ಮಣೆಯನ್ನು ನೆನೆಸಿಕೊಳ್ಳಿ. ಶೇಕ್-128ರಲ್ಲಿ ಈ 200ರ ಪೈಕಿ 168 ಬೈಟು ಹೊರಗಿನವರಿಗೆ ತೆರೆದ ಜಗಲಿ. ಉಳಿದ 32 ಬೈಟು ಯಾರಿಗೂ ಕಾಣದ ಒಳಕೋಣೆ. ಬಂದ ಮಾಹಿತಿಯನ್ನು 168 ಬೈಟಿನ ಕಂತುಗಳಾಗಿ ಜಗಲಿಯ ಮೇಲೆ ಬೆರೆಸುತ್ತಾರೆ. ಬೆರೆಸುವುದೆಂದರೆ ಬಿಟ್ಟಿಗೆ ಬಿಟ್ಟು ಹೋಲಿಸಿ, ಎರಡೂ ಒಂದೇ ಆದರೆ 0, ಬೇರೆಯಾದರೆ 1 ಎಂದು ಬರೆಯುವುದು. ಪ್ರತಿ ಕಂತು ಬಿದ್ದ ಮೇಲೂ ಇಡೀ ಪೆಟ್ಟಿಗೆಯನ್ನು 24 ಸುತ್ತು ಕಡೆಯುತ್ತಾರೆ. ಸುತ್ತಿಗೆ ಥೀಟಾ, ರೋ, ಪೈ, ಕೈ, ಅಯೋಟಾ ಎಂಬ ಐದು ಹೆಜ್ಜೆ. ಮಾಹಿತಿ ಮುಗಿಯಿತೋ, ಹೀರುವುದು ನಿಂತು ಹಿಂಡುವುದು ಶುರು. ಜಗಲಿಯಿಂದ 168 ಬೈಟು ತೆಗೆದುಕೊ, ಕಡೆ, ಮತ್ತೆ 168 ತೆಗೆದುಕೊ, ಕಡೆ. ಬೇಕಾದಷ್ಟು ಸಲ. ಒಳಕೋಣೆ ಮಾತ್ರ ಎಂದೂ ಹೊರಗೆ ಬರುವುದಿಲ್ಲ. ಭದ್ರತೆ ನಿಂತಿರುವುದೇ ಅದರ ಮೇಲೆ.

ಇಷ್ಟು ಓದಿದವರಿಗೆ, ಇದನ್ನು ಬರೆಯುವುದೇನು ಮಹಾ ಅನ್ನಿಸಬಹುದು. ಕಡೆಯುವ ಭಾಗ ನಿಜಕ್ಕೂ ನೂರು ಸಾಲಿನೊಳಗೆ ಮುಗಿಯುತ್ತದೆ. ಕಷ್ಟ ಇರುವುದು ಬೇರೆ ಕಡೆ. ಇಂಥ ಕ್ರಮವಿಧಿಯನ್ನು ಪ್ರತಿಯೊಬ್ಬರೂ ಹೊಸದಾಗಿ ಬರೆಯುವುದಿಲ್ಲ. ಒಬ್ಬರು ಬರೆದು ಲೈಬ್ರರಿಯಲ್ಲಿಟ್ಟದ್ದನ್ನು ಸಾವಿರಾರು ಜನ ಕರೆದು ಬಳಸುತ್ತಾರೆ. (ಇದು ನಮ್ಮ ಪುಸ್ತಕದ ಲೈಬ್ರರಿಯಲ್ಲ, ಆದರೆ ಹರಿದ ಹಾಳೆ ಎಲ್ಲರಿಗೂ ಸಿಕ್ಕೇ ಸಿಗುತ್ತದೆ ಅನ್ನೋದು ಎರಡಕ್ಕೂ ಸಮ.) ಬಳಸುವವರು ಮಾಹಿತಿಯನ್ನು ನಮ್ಮ ಅನುಕೂಲ ನೋಡಿ 168ರ ಕಂತಿನಲ್ಲಿ ತರುವುದಿಲ್ಲ. ಒಬ್ಬ 1 ಬೈಟು ತರುತ್ತಾನೆ, ಇನ್ನೊಬ್ಬ 5,000 ತರುತ್ತಾನೆ. ಲೈಬ್ರರಿ ಪಾಲಿಸಬೇಕಾದ ಧರ್ಮ ಒಂದೇ: ಹೇಗೆ ತುಂಡರಿಸಿ ತಂದರೂ, ಹೇಗೆ ತುಂಡರಿಸಿ ಒಯ್ದರೂ, ಫಲ ಬದಲಾಗಕೂಡದು. ಹೊಲಿಗೆ ಕಾಣಕೂಡದು.

ಹಾಗಾಗಬೇಕಾದರೆ ಲೈಬ್ರರಿ ಪೆಟ್ಟಿಗೆಯ ಜೊತೆಗೆ ಇನ್ನೆರಡು ವಿಷಯ ನೆನಪಿಡಬೇಕು: ಈಗ ಜಗಲಿಯ ಎಷ್ಟನೆಯ ಬೈಟಿನಲ್ಲಿದ್ದೇವೆ, ಹೀರುತ್ತಿದ್ದೇವೋ ಹಿಂಡುತ್ತಿದ್ದೇವೋ. ಯಾರೋ ಮೊದಲು 100 ಬೈಟು ಕೇಳಿದರು, ಆಮೇಲೆ ಇನ್ನೂ 100 ಕೇಳಿದರು ಎಂದಿಟ್ಟುಕೊಳ್ಳಿ. ಎರಡನೆಯ ಸಲ ಹಳೆಯ ಕಂತಿನಲ್ಲಿ ಉಳಿದ 68 ಬೈಟನ್ನು ಮೊದಲು ಕೊಟ್ಟು, ಕಡೆದು, ಹೊಸ ಕಂತಿನ 32 ಸೇರಿಸಬೇಕು. ಅವಸರದಲ್ಲಿ ಆ 68ನ್ನು ಚೆಲ್ಲಿ ಹೊಸ ಕಂತಿಗೆ ಹಾರಿದರೆ, ಒಟ್ಟಿಗೆ 200 ಕೇಳಿದವನಿಗೂ ಇವನಿಗೂ ಬೇರೆ ಬೇರೆ ಉತ್ತರ! ಹಿಂಡಲು ಶುರುಮಾಡಿದ ಮೇಲೆ ಯಾರಾದರೂ ಮತ್ತೆ ಮಾಹಿತಿ ಸುರಿಯಲು ಬಂದರೆ, ಸುಮ್ಮನೆ ಸುರಿಸಿಕೊಳ್ಳದೆ 'ಆಗುವುದಿಲ್ಲ' ಅಂತ ನಿಷ್ಠುರವಾಗಿ ಹೇಳಬೇಕು.

ಹೀರುವುದಕ್ಕೂ ಹಿಂಡುವುದಕ್ಕೂ ನಡುವಿನ ಹೊಸ್ತಿಲಿನಲ್ಲಿ ಇನ್ನೊಂದು ಶಾಸ್ತ್ರವಿದೆ. ಮಾಹಿತಿ ಮುಗಿದ ಮರುಸ್ಥಾನಕ್ಕೆ 31ರ ಬೆಲೆಯ ಬೈಟನ್ನೂ, ಆ ಕಂತಿನ ಕೊಟ್ಟಕೊನೆಯ ಸ್ಥಾನಕ್ಕೆ 128ರ ಬೆಲೆಯ ಬೈಟನ್ನೂ ಬೆರೆಸಬೇಕು. ಕಂತಿನಲ್ಲಿ ಒಂದೇ ಸ್ಥಾನ ಉಳಿದಿದ್ದರೆ ಎರಡೂ ಅಲ್ಲೇ ಬಿದ್ದು 159 ಆಗುತ್ತದೆ. ಮಾಹಿತಿ ಸರಿಯಾಗಿ 168ಕ್ಕೆ ಮುಗಿದಿದ್ದರೆ ಈ ಶಾಸ್ತ್ರಕ್ಕಾಗಿಯೇ ಇನ್ನೊಂದು ಕಂತು ಬೇಕು. ಉದ್ದ ಗೊತ್ತಿರುವ ಶಾ-3 ಹ್ಯಾಶುಗಳಿಗೆ 31ರ ಬದಲು 6. ಮಾನಕವಾಗುವ ಮೊದಲಿನ ಕೆಚಾಕಿಗೆ 1. ಇಥೀರಿಯಂ ಇಂದಿಗೂ ಬಳಸುವುದು ಆ ಹಳೆಯ 1ನ್ನೇ. ಒಂದು ಬೈಟಿನ ವ್ಯತ್ಯಾಸ, ಫಲ ಮಾತ್ರ ಅಜಗಜಾಂತರ.

ಹೊಲಿಗೆ ಬಿಟ್ಟರೆ ಏನಾಗುತ್ತದೆ? ಇದಕ್ಕೆ ಕಣ್ಣೆದುರಿನ ಸಾಕ್ಷಿ ಇದೆ. ಕೆಚಾಕ್ ತಂಡದವರೇ ಪ್ರಕಟಿಸಿದ ಕ್ರಮವಿಧಿಯಲ್ಲಿ ಒಂದು ದೋಷವನ್ನು ನಿಕಿ ಮೂಹಾ ಎಂಬ ಸಂಶೋಧಕರು ಕಂಡುಹಿಡಿದು, 2022ರ ಅಕ್ಟೋಬರಿನಲ್ಲಿ ಅದು ಬಹಿರಂಗವಾಯಿತು. ದೋಷವಿದ್ದ ಸಾಲುಗಳು 2011ರ ಜನವರಿಯಿಂದಲೂ ಹಾಗೇ ಇದ್ದವು. ಪೈಥಾನ್, ಪಿಎಚ್‌ಪಿ ಭಾಷೆಗಳು ಆ ಕ್ರಮವಿಧಿಯನ್ನೇ ಒಳಗೆ ಸೇರಿಸಿಕೊಂಡಿದ್ದರಿಂದ ಅವಕ್ಕೂ ತಗುಲಿತು. ದೋಷ ಕಡೆಯುವುದರಲ್ಲಿ ಇರಲಿಲ್ಲ. ಹೀರುವಾಗ ತುಂಡು ತುಂಡು ಸೇರಿಸುವುದರಲ್ಲಿ ಇತ್ತು.

32 ಬಿಟ್ಟಿನ ಎಣಿಕೆ 4,29,49,67,295ರವರೆಗೆ ಹೋಗಿ, ಮುಂದಿನ ಹೆಜ್ಜೆಗೆ ಕರೆಂಟು ಮೀಟರಿನ ಹಾಗೆ ಸೊನ್ನೆಗೆ ಮರಳುತ್ತದೆ. ಆ ಕ್ರಮವಿಧಿ ಕೇಳುತ್ತಿದ್ದ ಪ್ರಶ್ನೆ ಇದು: 'ಈಗಾಗಲೇ ಇರುವುದು, ಈಗ ಬಂದದ್ದು, ಎರಡನ್ನೂ ಕೂಡಿದರೆ ಕಂತಿನ ಅಳತೆ ಮೀರುತ್ತದೆಯೇ?' ಮೊದಲು 1 ಬೈಟು ಕೊಟ್ಟು, ಆಮೇಲೆ ಒಂದೇ ಏಟಿಗೆ 4,29,49,67,295 ಬೈಟು ಕೊಟ್ಟರೆ ಕೂಡಿದ ಮೊತ್ತ ಸೊನ್ನೆ! 'ಮೀರುವುದಿಲ್ಲ, ಎಲ್ಲ ಹಿಡಿಸುತ್ತದೆ' ಅಂತ ನಂಬಿದ ಗಣಕ 200 ಬೈಟಿನ ಪೆಟ್ಟಿಗೆಯ ಆಚೆಗೂ ಬರೆಯುತ್ತಾ ಹೋಗಿ ಪಕ್ಕದ ನೆನಪನ್ನೆಲ್ಲ ಅಳಿಸಿಹಾಕುತ್ತದೆ. ಇನ್ನೊಂದೇ ಬೈಟು ಹೆಚ್ಚಿಗೆ ಕೊಟ್ಟರೆ ಬಂದದ್ದರ ಉದ್ದವೇ ಸೊನ್ನೆಯಾಗಿ ಕಾಣುತ್ತದೆ. ಆಗ ಕ್ರಮವಿಧಿ ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇರುತ್ತದೆ. ಮದ್ದು ಬಲು ಸರಳ: ಕೂಡಬೇಡಿ, ಕಳೆಯಿರಿ. 'ಬಂದದ್ದು, ಕಂತಿನಲ್ಲಿ ಉಳಿದಿರುವ ಜಾಗಕ್ಕಿಂತ ಹೆಚ್ಚೇ?' ಅಂತ ಕೇಳಿದರೆ ಸಂಖ್ಯೆ ಉಕ್ಕಿ ಸೊನ್ನೆಯಾಗುವ ಮಾತೇ ಇಲ್ಲ. ಕರಿಹಲಗೆಯ ಮೇಲೆ ಎರಡು ಪ್ರಶ್ನೆಯೂ ಒಂದೇ, ಯಂತ್ರದೊಳಗೆ ಒಂದಲ್ಲ. ಐದು ವರ್ಷ ಜಗತ್ತಿನ ಜಾಣರೆಲ್ಲ ಪರೀಕ್ಷಿಸಿದ ಗಣಿತಕ್ಕೆ ಏನೂ ಆಗಲಿಲ್ಲ, ಒಂದು ಕೂಡುವ ಲೆಕ್ಕ ಕೈಕೊಟ್ಟಿತು.

ಹಿಂಡುವ ಕಡೆಯಲ್ಲೂ ಲೈಬ್ರರಿಗಳು ನಿಧಾನವಾಗಿಯೇ ಕಲಿತವು. ಪೈಥಾನಿನಲ್ಲಿ 2016ರಿಂದ ಶೇಕ್ ಇದೆ. ಎಷ್ಟು ಉದ್ದ ಬೇಕೆಂದು ಹೇಳಿದರೆ ಮೊದಲಿನಿಂದ ಅಷ್ಟು ಕೊಡುತ್ತದೆ, ಬಿಟ್ಟಲ್ಲಿಂದ ಮುಂದಕ್ಕೆ ಕೊಡುವುದಿಲ್ಲ. ಓಪನ್‌ಎಸ್‌ಎಸ್‌ಎಲ್ ಎಂಬ ಬಹುಬಳಕೆಯ ಲೈಬ್ರರಿಗೆ ಶೇಕ್ ಬಂದದ್ದು 2018ರಲ್ಲಿ; ಒಂದೇ ಸಲ ಹಿಂಡಬಹುದಿತ್ತು. ಬಿಟ್ಟು ಬಿಟ್ಟು ಹಿಂಡುವ ಸೌಕರ್ಯ ಬಂದದ್ದು 2024ರ ಏಪ್ರಿಲಿನ 3.3ನೆಯ ಆವೃತ್ತಿಯಲ್ಲಿ.

ಒಟ್ಟಿಗೇ ಕೇಳಿಬಿಟ್ಟರೆ ಆಯ್ತಲ್ಲ, ಬಿಟ್ಟು ಬಿಟ್ಟು ಯಾಕೆ ಅಂತೀರಾ? ಕೆಲವು ಕಡೆ ಎಷ್ಟು ಬೇಕೆಂಬುದು ಮೊದಲೇ ಗೊತ್ತಿರುವುದಿಲ್ಲ. ಮುಂದೆ ಬರಬಹುದಾದ ಕ್ವಾಂಟಮ್ ಗಣಕಗಳಿಗೂ ಜಗ್ಗದ ಡಿಜಿಟಲ್ ಸಹಿಗಾಗಿ 2024ರ ಆಗಸ್ಟಿನಲ್ಲಿ ಅಮೆರಿಕದ ಅದೇ ಸಂಸ್ಥೆ ಒಂದು ಮಾನಕ ಹೊರಡಿಸಿತು. ಅದರಲ್ಲಿ ಶೇಕ್-128ರಿಂದ ಮೂರು ಮೂರು ಬೈಟು ಹಿಂಡಿ, ಒಂದು ಬಿಟ್ಟು ಬಿಟ್ಟು 23 ಬಿಟ್ಟಿನ ಸಂಖ್ಯೆ ಮಾಡುತ್ತಾರೆ. ಅದು 83,80,417ಕ್ಕಿಂತ ಕಡಿಮೆಯಿದ್ದರೆ ಇಟ್ಟುಕೊಳ್ಳುತ್ತಾರೆ, ಇಲ್ಲವಾದರೆ ಬಿಸಾಡುತ್ತಾರೆ. ಸರಾಸರಿ 1,024ಕ್ಕೆ ಒಂದು ಹೀಗೆ ಬಿದ್ದುಹೋಗುತ್ತದೆ. ಬೇಕಾದದ್ದು 256 ಸಂಖ್ಯೆ. ಒಂದು ಕಂತಿಗೆ 56ರಂತೆ ಐದು ಕಂತಿಗೆ 280 ಬರುತ್ತವೆ. ಸಾಕು ಅನ್ನಿಸುತ್ತದೆ, ಆದರೆ ಸಾಕಾಗಲೇಬೇಕೆಂಬ ಖಾತರಿ ಇಲ್ಲ. ಆದ್ದರಿಂದ 'ಇನ್ನೊಂದಿಷ್ಟು ಕೊಡು' ಅನ್ನುವ ಬಾಗಿಲು ಲೈಬ್ರರಿಯಲ್ಲಿ ತೆರೆದಿರಬೇಕು.

ಬಳಸುವವರಿಗೂ ಎರಡು ಎಚ್ಚರಿಕೆ. ಒಂದು: ಒಂದೇ ಮಾಹಿತಿಯಿಂದ 32 ಬೈಟು ಹಿಂಡಿ, ಮತ್ತೊಮ್ಮೆ ಮೊದಲಿನಿಂದ 64 ಹಿಂಡಿದರೆ, ಆ 64ರ ಮೊದಲರ್ಧ ಹಳೆಯ 32ವೇ. ಎರಡು ಬೇರೆ ಬೀಗದ ಕೈ ಸಿಕ್ಕಿತೆಂದು ಹಿಗ್ಗಬೇಡಿ. ಬೇರೆ ಬೇಕಿದ್ದರೆ ಮಾಹಿತಿಯ ಮುಂದೆ ಉದ್ದೇಶದ ಗುರುತನ್ನೂ ಸೇರಿಸಿ ಹೀರಿಸಬೇಕು. ಎರಡು: ಫಲ ಉದ್ದವಾದ ಮಾತ್ರಕ್ಕೆ ಬಲ ಬೆಳೆಯುವುದಿಲ್ಲ. ಶೇಕ್-128ರ ಬಲ ಹೆಚ್ಚೆಂದರೆ 128 ಬಿಟ್ಟು. ಸಾವಿರ ಬೈಟು ಹಿಂಡಿದರೂ ಅಷ್ಟೆ. ಮಜ್ಜಿಗೆಗೆ ನೀರು ಬೆರೆಸಿದರೆ ಲೋಟ ಹೆಚ್ಚುತ್ತದೆ, ಮೊಸರು ಹೆಚ್ಚುವುದಿಲ್ಲ.

ಇನ್ನು ಕನ್ನಡದವರಿಗೆ ಸಂಬಂಧಿಸಿದ ಮಾತೊಂದಿದೆ. ಹ್ಯಾಶಿಗೆ ಅಕ್ಷರ ಗೊತ್ತಿಲ್ಲ, ಬೈಟು ಗೊತ್ತು. ಯೂನಿಕೋಡಿನ ಸಾಮಾನ್ಯ ರೂಪವಾದ ಯುಟಿಎಫ್-8ರಲ್ಲಿ ನಮ್ಮ ಒಂದೊಂದು ಸಂಕೇತಕ್ಕೂ ಮೂರು ಬೈಟು. 'ದಿಂಡೋರಿ' ಎಂದು ಬರೆದರೆ ಏಳು ಸಂಕೇತ, 21 ಬೈಟು. ಆದರೆ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು; ಎತ್ವ, ಊಕಾರದ ಕೊಂಬು, ದೀರ್ಘದ ಗುರುತು ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು. ಬಿಡಿಸಿದರೆ ಒಂಬತ್ತು ಸಂಕೇತ, 27 ಬೈಟು. ಎರಡೂ ಸಮಾನವೆಂದು ಯೂನಿಕೋಡೇ ಹೇಳುತ್ತದೆ. ಓದುವ ಕಣ್ಣಿಗೂ ಒಂದೇ ದಿಂಡೋರಿ. ಹ್ಯಾಶಿಗೆ ಮಾತ್ರ ಇವು ಬೇರೆ ಬೇರೆ ಊರು! ಮರಾಠಿಯ ನಾಗರಿ ಲಿಪಿಯಲ್ಲಿ ಓಕಾರ ಹೀಗೆ ಒಡೆಯುವುದಿಲ್ಲ, ಅಲ್ಲಿಯವರಿಗೆ ಈ ತಾಪತ್ರಯವಿಲ್ಲ. ಕನ್ನಡದ ಪಹಣಿಗೋ ಅಂಕಪಟ್ಟಿಗೋ ಹ್ಯಾಶ್ ಹಾಕುವವರು ಮೊದಲು ಬರಹವನ್ನು ಒಂದೇ ರೂಪಕ್ಕೆ ತಂದು, ಆಮೇಲೆ ಸ್ಪಂಜಿಗೆ ಕೊಡಬೇಕು. ಲೈಬ್ರರಿ ತಾನಾಗಿ ಇದನ್ನು ಮಾಡುವುದಿಲ್ಲ, ಮಾಡಲೂಬಾರದು. ಅದರ ಕೆಲಸ ಕೊಟ್ಟ ಬೈಟನ್ನು ಕೊಟ್ಟ ಹಾಗೇ ಹೀರುವುದು.

ಗಣಕ ಕೈಗೆ ಸಿಗುವ ಗೆಳೆಯರು ಇದನ್ನು ಬರೆದು ನೋಡಬಹುದು. ಸರಿಯಾಗಿದೆಯೇ ಎಂಬುದಕ್ಕೆ ಮೊದಲ ಪರೀಕ್ಷೆ: ಏನನ್ನೂ ಹೀರಿಸದೆ ಶೇಕ್-128ನ್ನು ಹಿಂಡಿದರೆ ಮೊದಲ ನಾಲ್ಕು ಬೈಟು 127, 156, 43, 164 ಬರಬೇಕು. ಬಂತೇ? ಆಗಲೇ ಬೀಗಬೇಡಿ. ಎರಡನೆಯ ಪರೀಕ್ಷೆಯೇ ನಿಜವಾದದ್ದು: 400 ಬೈಟಿನ ಒಂದು ಬರಹ ತೆಗೆದುಕೊಂಡು ಅದನ್ನು ಒಂದೊಂದು ಸ್ಥಾನದಲ್ಲೂ ಎರಡು ಮಾಡಿ ಹೀರಿಸಿ, ಫಲವನ್ನೂ ಹಾಗೇ ಒಂದೊಂದು ಸ್ಥಾನದಲ್ಲಿ ಮುರಿದು ಹಿಂಡಿ. 167, 168, 169ರ ಹತ್ತಿರ ಕಣ್ಣು ಚುರುಕಾಗಿರಲಿ. ಪ್ರತಿಸಲವೂ ಉತ್ತರ ಒಂದೇ ಆದರೆ, ನಿಮ್ಮ ಹೊಲಿಗೆ ಗಟ್ಟಿ.