ವಿಜ್ಞಾನೇಶ್ವರನ ಸಾಕ್ಷಿಪರೀಕ್ಷೆಯೂ ಇಂದಿನ ಪಾಟೀಸವಾಲೂ

ಕಲ್ಯಾಣವೆಂಬ ಹೆಸರು ಈ ಭಾಗದ ಕನ್ನಡಿಗರಲ್ಲಿ ಎರಡು ನೆನಪುಗಳನ್ನು ಹುಟ್ಟಿಸುತ್ತದೆ. ಒಂದು, ನಾವು ದಿನವೂ ಹತ್ತಿಳಿಯುವ ರೈಲು ನಿಲ್ದಾಣದ ಕಲ್ಯಾಣ. ಉಲ್ಹಾಸ ನದಿಯ ದಡದ ಹಳೆಯ ಬಂದರು. ಇನ್ನೊಂದು, ಇಂದು ಬೀದರ ಜಿಲ್ಲೆಗೆ ಸೇರಿದ ಬಸವಕಲ್ಯಾಣ, ಚಾಲುಕ್ಯರ ರಾಜಧಾನಿ. ಈ ಎರಡನೆಯ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ (1076-1126), ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ಬರೆದನು. ಮುಂದೆ ಆ ಗ್ರಂಥವು ಭರತಖಂಡದ ಬಹುಭಾಗಕ್ಕೆ ದಾಯಭಾಗದ ಪ್ರಮಾಣಗ್ರಂಥವಾಯಿತು. ವಿನೋದವೆಂದರೆ, ಅದರ ಮಾತು ಪೂರ್ಣವಾಗಿ ನಡೆಯದ ಕೆಲವು ಪ್ರದೇಶಗಳಲ್ಲಿ ನಮ್ಮ ಈ ಕಲ್ಯಾಣವೂ ಒಂದು. ಗುಜರಾತ, ಮುಂಬಯಿ ದ್ವೀಪ ಮತ್ತು ಉತ್ತರ ಕೊಂಕಣಗಳಲ್ಲಿ ನೀಲಕಂಠಭಟ್ಟನ 'ವ್ಯವಹಾರಮಯೂಖ'ಕ್ಕೂ ಮಿತಾಕ್ಷರೆಗೂ ಭಿನ್ನಾಭಿಪ್ರಾಯ ಬಂದಲ್ಲಿ ಮಯೂಖವೇ ಮೇಲೆಂದು ಬ್ರಿಟಿಷರ ಕಾಲದ ನ್ಯಾಯಾಲಯಗಳು ತೀರ್ಮಾನಿಸಿದ್ದವು.

ಪ್ರಕೃತ ಲೇಖನವು ದಾಯಭಾಗವನ್ನು ಕುರಿತುದಲ್ಲ. ಕೋಲ್‌ಬ್ರೂಕನು 1810ರಲ್ಲಿ ಮಿತಾಕ್ಷರೆಯ ದಾಯಭಾಗ ಪ್ರಕರಣವನ್ನು ಇಂಗ್ಲಿಷಿಗೆ ತಂದನು. ನ್ಯಾಯಾಲಯಗಳ ಗಮನವೆಲ್ಲ ಅತ್ತಲೇ ಹರಿಯಿತು. ದಾವೆಯನ್ನು ಹೇಗೆ ನಡೆಸಬೇಕು, ಸಾಕ್ಷಿಯನ್ನು ಹೇಗೆ ಪರೀಕ್ಷಿಸಬೇಕು ಎಂದು ವಿಜ್ಞಾನೇಶ್ವರನು ಹೇಳಿದ ಭಾಗವಾದರೋ 1872ರ ಸಾಕ್ಷ್ಯ ಕಾಯಿದೆಯ ಮುಂದೆ ಪಂಡಿತರ ಕಪಾಟನ್ನು ಸೇರಿತು. ಆ ಭಾಗದಲ್ಲಿ ಇಂದಿನ ವಕೀಲನಿಗೆ, ವಿಶೇಷವಾಗಿ ಪರಭಾಷೆಯ ನ್ಯಾಯಾಲಯದಲ್ಲಿ ಕನ್ನಡ ಸಾಕ್ಷಿಯನ್ನು ನಿಲ್ಲಿಸಬೇಕಾದ ವಕೀಲನಿಗೆ, ಉಪಯುಕ್ತವಾದ ಎರಡು ತತ್ತ್ವಗಳಿವೆ. ಅವನ್ನು ವಾಚಕರ ಮುಂದಿಡುವುದು ನನ್ನ ಉದ್ದೇಶ.

ವ್ಯವಹಾರದ ನಾಲ್ಕು ಪಾದಗಳು

ಪ್ರಾಚೀನರು ದಾವೆಗೆ 'ವ್ಯವಹಾರ'ವೆಂದು ಹೆಸರಿಟ್ಟು ಅದಕ್ಕೆ ನಾಲ್ಕು ಪಾದಗಳನ್ನು ಹೇಳಿದರು. ವಾದಿಯ ಅರ್ಜಿಯು ಭಾಷಾಪಾದ, ಪ್ರತಿವಾದಿಯ ಜವಾಬು ಉತ್ತರಪಾದ, ರುಜುವಾತು ಕ್ರಿಯಾಪಾದ, ತೀರ್ಮಾನವು ಸಾಧ್ಯಸಿದ್ಧಿಪಾದ. ಉತ್ತರದಲ್ಲಿಯೂ ನಾಲ್ಕು ಬಗೆ. ಸಾಲದ ದಾವೆಯನ್ನೇ ತೆಗೆದುಕೊಳ್ಳೋಣ. 'ಸಾಲ ಪಡೆದುದು ನಿಜ' ಎಂಬುದು ಸತ್ಯೋತ್ತರ. 'ಪಡೆದೇ ಇಲ್ಲ' ಎಂಬುದು ಮಿಥ್ಯೋತ್ತರ. 'ಪಡೆದೆನು, ಆದರೆ ತೀರಿಸಿದ್ದೇನೆ' ಎಂಬುದು ಪ್ರತ್ಯವಸ್ಕಂದನ. 'ಇದೇ ವಿಷಯದಲ್ಲಿ ಈತನು ಹಿಂದೊಮ್ಮೆ ಸೋತಿದ್ದಾನೆ' ಎಂಬುದು ಪ್ರಾಙ್ನ್ಯಾಯ. ಮೊದಲನೆಯದಾದರೆ ರುಜುವಾತಿನ ಪ್ರಸಂಗವೇ ಇಲ್ಲ. ಎರಡನೆಯದಾದರೆ ಭಾರವು ವಾದಿಯ ಮೇಲೆ. ಕೊನೆಯ ಎರಡರಲ್ಲಿ ಪ್ರತಿವಾದಿಯ ಮೇಲೆ.

ಪಾಟೀಸವಾಲಿನ ಕೌಶಲವೆಲ್ಲ ಇಲ್ಲಿಂದಲೇ ಮೊದಲಾಗುತ್ತದೆ. ತನ್ನ ಕಕ್ಷಿಯ ಉತ್ತರವು ಈ ನಾಲ್ಕರಲ್ಲಿ ಯಾವುದು ಎಂಬುದನ್ನು ನಿಶ್ಚಯಿಸಿಕೊಳ್ಳದ ವಕೀಲನು, ಹಣ ತೀರಿಸಿದ್ದೇವೆಂಬ ಪಕ್ಷವನ್ನು ಹಿಡಿದು 'ಹಣವನ್ನು ಕೊಟ್ಟೇ ಇಲ್ಲವಲ್ಲ' ಎಂದು ಸಾಕ್ಷಿಯನ್ನು ಕೇಳುತ್ತಾನೆ. ತನ್ನ ಕಟ್ಟಡವನ್ನು ತಾನೇ ಕೆಡವುತ್ತಾನೆ. ಕೇಳಬೇಕಾದ ಪ್ರಶ್ನೆಗಳು ನೂರಿರಬಹುದು. ತನ್ನ ಉತ್ತರಕ್ಕೆ ಒದಗುವವು ನಾಲ್ಕೋ ಐದೋ. ಉಳಿದವನ್ನು ಬಿಡುವುದೇ ವಿವೇಕ.

ಇನ್ನು ಮೊದಲನೆಯ ತತ್ತ್ವ. ಉತ್ತರವು ಸಂದೇಹವಿಲ್ಲದ್ದೂ ವ್ಯಾಖ್ಯಾನದ ನೆರವಿಲ್ಲದೆ ತಿಳಿಯುವಂಥದೂ ಆಗಿರಬೇಕೆಂಬ ಸ್ಮೃತಿವಚನವನ್ನು ವಿವರಿಸುತ್ತ ವಿಜ್ಞಾನೇಶ್ವರನು, ವ್ಯಾಖ್ಯಾನ ಬೇಕಾಗುವ ಸಂದರ್ಭಗಳನ್ನು ಎಣಿಸುತ್ತಾನೆ: ಬಳಕೆಯಲ್ಲಿಲ್ಲದ ಶಬ್ದಗಳ ಪ್ರಯೋಗ, ಕ್ಲಿಷ್ಟವಾದ ವಿಭಕ್ತಿ-ಸಮಾಸಗಳು, ಹಾಗೂ ಅನ್ಯದೇಶದ ಭಾಷೆಯಲ್ಲಿ ಹೇಳುವುದು. ಪರಭಾಷೆಯ ತೊಡಕನ್ನು ಆತನು ವ್ಯಾಕರಣದ ತೊಡಕಿನ ಪಕ್ಕದಲ್ಲಿಯೇ ಇಟ್ಟು, ಅದರಿಂದ ಉತ್ತರವೇ ಕೆಡುವುದೆಂದು ಗಣಿಸಿದ್ದು ಗಮನಾರ್ಹ. ಅನೇಕ ಭಾಷೆಗಳ ಪ್ರಜೆಗಳನ್ನು ಆಳಿದ ರಾಜಧಾನಿಯಲ್ಲಿ ಕುಳಿತು ಬರೆದವನಿಗೆ ಇದು ಪುಸ್ತಕದ ಮಾತು ಮಾತ್ರವಾಗಿರಲಾರದು.

ದುಷ್ಟಲಕ್ಷಣಗಳು

ಎರಡನೆಯ ತತ್ತ್ವವು ಸಾಕ್ಷಿಯ ಮುಖಚರ್ಯೆಗೆ ಸಂಬಂಧಿಸಿದುದು. ಸುಳ್ಳುಗಾರನಾದ ಕಕ್ಷಿಯನ್ನೂ ಸಾಕ್ಷಿಯನ್ನೂ ಗುರುತಿಸಲು ಯಾಜ್ಞವಲ್ಕ್ಯನು ಕೆಲವು ಚಿಹ್ನೆಗಳನ್ನು ಕೊಡುತ್ತಾನೆ. ಅಂಥವನು ನಿಂತಲ್ಲಿ ನಿಲ್ಲದೆ ಅತ್ತಿತ್ತ ಸರಿಯುತ್ತಾನೆ, ಕಟವಾಯಿಯನ್ನು ನೆಕ್ಕುತ್ತಾನೆ, ಹಣೆ ಬೆವರುತ್ತದೆ, ಮುಖದ ಬಣ್ಣ ಕೆಡುತ್ತದೆ, ಮಾತು ಒಣಗಿ ತೊದಲುತ್ತದೆ, ಹಿಂದುಮುಂದಿಗೆ ವಿರುದ್ಧವಾಗಿ ಬಹಳ ಮಾತಾಡುತ್ತಾನೆ, ಕೇಳಿದವನ ಮಾತಿಗೂ ದೃಷ್ಟಿಗೂ ಎದುರುಗೊಡುವುದಿಲ್ಲ.

ಪಟ್ಟಿಯನ್ನು ಓದಿದವರಿಗೆ ಇದೊಂದು ಸಿದ್ಧೌಷಧದಂತೆ ಕಾಣಬಹುದು. ಆದರೆ ವಿಜ್ಞಾನೇಶ್ವರನು ಇಲ್ಲಿಯೇ ತಡೆದು ನಿಲ್ಲುತ್ತಾನೆ. ಇವು ದೋಷದ ಸಂಭಾವನೆಯನ್ನು ತೋರಿಸುತ್ತವೆಯೇ ಹೊರತು ನಿಶ್ಚಯವನ್ನಲ್ಲ. ಸ್ವಭಾವದಿಂದ ಬಂದ ವಿಕಾರ ಯಾವುದು, ಕಾರಣದಿಂದ ಬಂದುದು ಯಾವುದು ಎಂದು ಬೇರ್ಪಡಿಸುವುದು ಕಷ್ಟ. ನಿಪುಣನಾದವನು ಬೇರ್ಪಡಿಸಿದನೆಂದೇ ಇಟ್ಟುಕೊಂಡರೂ ಅಷ್ಟರಿಂದಲೇ ಸೋಲನ್ನು ಸಾರಲಾಗದು. ಇದಕ್ಕೆ ಆತನು ಕೊಡುವ ದೃಷ್ಟಾಂತವು ಮರೆಯಲಾಗದ್ದು: ಸಾವಿನ ಚಿಹ್ನೆಗಳು ಕಂಡವೆಂದು ಬದುಕಿರುವವನಿಗೆ ಯಾರೂ ಉತ್ತರಕ್ರಿಯೆಯನ್ನು ಮಾಡುವುದಿಲ್ಲವಷ್ಟೆ!

ಇಂದಿನ ಕಾನೂನಿನಲ್ಲಿಯೂ ಸಾಕ್ಷಿಯ ಚರ್ಯೆಗೆ ಸ್ಥಾನವಿದೆ. ಸಾಕ್ಷಿಯ ವರ್ತನೆಯ ಬಗೆಗೆ ಮುಖ್ಯವೆನಿಸಿದ ಟಿಪ್ಪಣಿಯನ್ನು ನ್ಯಾಯಾಧೀಶನು ಬರೆದಿಡಬಹುದೆಂದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 18ನೆಯ ಆದೇಶದ 12ನೆಯ ನಿಯಮ ಹೇಳುತ್ತದೆ. ಜೊತೆಗೆ, ಭರವಾಡ ಭೋಗಿನ್‌ಭಾಯಿ ಖಟ್ಲೆಯಲ್ಲಿ (1983) ಸರ್ವೋಚ್ಚ ನ್ಯಾಯಾಲಯವು, ಸಾಕ್ಷಿಯು ನ್ಯಾಯಾಲಯದ ವಾತಾವರಣಕ್ಕೂ ತೀಕ್ಷ್ಣವಾದ ಪಾಟೀಸವಾಲಿಗೂ ಬೆದರಿ ಸಂಗತಿಗಳನ್ನು ಬೆರಸಿಬಿಡುವುದು ಸಹಜವೆಂದೂ, ಸಣ್ಣಪುಟ್ಟ ವಿಸಂಗತಿಗಳಿಗೆ ಮಿತಿಮೀರಿದ ಬೆಲೆ ಕೊಡಲಾಗದೆಂದೂ ಹೇಳಿತು. ಒಂಬತ್ತು ನೂರು ವರ್ಷಗಳ ಅಂತರದಲ್ಲಿ ಎರಡು ಕಡೆಯ ವಿವೇಕವೂ ಒಂದೇ ದಿಕ್ಕಿಗೆ ನಡೆದಿದೆ.

ಒಂದು ಕಲ್ಪಿತ ನಿದರ್ಶನ

ಈ ಎರಡು ತತ್ತ್ವಗಳು ಕೂಡುವ ಸ್ಥಳವನ್ನು ಈಗ ನೋಡೋಣ. ಠಾಣೆಯ ಜಿಲ್ಲಾ ನ್ಯಾಯಾಲಯದಲ್ಲಿ, ಕಲ್ಯಾಣ, ಬೇಲಾಪುರಗಳ ನ್ಯಾಯಾಲಯಗಳಲ್ಲಿ ವ್ಯವಹಾರವು ಮರಾಠಿಯಲ್ಲಿ, ಇಲ್ಲವೆ ಇಂಗ್ಲಿಷಿನಲ್ಲಿ ನಡೆಯುತ್ತದೆ. ಡೊಂಬಿವಲಿಯ ಒಂದು ಮನೆಯನ್ನು ಕುರಿತ ಪಾಲುದಾವೆ ಇದೆಯೆಂದು ಭಾವಿಸಿರಿ. ಮನೆಯನ್ನು ಕೊಂಡ ಹಣ ಯಾರದು ಎಂಬುದೇ ಪ್ರಶ್ನೆ. ಉಪಾಹಾರಗೃಹದಲ್ಲಿ ಮೂವತ್ತು ವರ್ಷ ದುಡಿದ ಕನ್ನಡಿಗ ಸಾಕ್ಷಿಯು ತನಗೆ ಬಂದಷ್ಟು ಮರಾಠಿಯಲ್ಲಿ, ಹಣವನ್ನು ತನ್ನ 'ಭಾವ' ಕೊಟ್ಟನೆನ್ನುತ್ತಾನೆ. ಅವನ ಮನಸ್ಸಿನಲ್ಲಿರುವವನು ಅಕ್ಕನ ಗಂಡ. ಬರೆದುಕೊಳ್ಳುವವನ ಕಿವಿಗೆ ಬಿದ್ದದ್ದು 'ಭಾಊ', ಎಂದರೆ ಸಹೋದರ. ಸಹೋದರನ ಹಣವೆಂದ ಕೂಡಲೆ ಮನೆಯು ಅವಿಭಕ್ತ ಕುಟುಂಬದ ಸ್ವತ್ತೆಂಬ ವಾದಕ್ಕೆ ಬಾಗಿಲು ತೆರೆಯುತ್ತದೆ.

ಮುಂದೆ ಪಾಟೀಸವಾಲು; ಇಲ್ಲಿಯವರು ಉಲಟತಪಾಸಣಿ ಎನ್ನುವುದು. 'ಮೊದಲು ಭಾಊ ಎಂದಿರಿ, ಈಗ ಅಕ್ಕನ ಗಂಡ ಎನ್ನುತ್ತೀರಿ, ಯಾವುದು ಸುಳ್ಳು?' ಸಾಕ್ಷಿಗೆ ತನ್ನ ತಪ್ಪು ಯಾವುದೆಂದೇ ತಿಳಿಯದು. ಹಣೆ ಬೆವರುತ್ತದೆ, ನಾಲಗೆ ಒಣಗುತ್ತದೆ, ಮಾತು ತೊದಲುತ್ತದೆ, ಕಣ್ಣು ನೆಲವನ್ನು ನೋಡುತ್ತದೆ. ಯಾಜ್ಞವಲ್ಕ್ಯನ ಪಟ್ಟಿಯ ಬಹುಪಾಲು ಲಕ್ಷಣಗಳು ಅವನಲ್ಲಿ ಬಂದು ನಿಂತವು. ಆದರೆ ಅವನಾಡಿದ್ದು ಸತ್ಯ! ಪರಭಾಷೆಯಲ್ಲಿ ನಿಜ ಹೇಳುವವನ ಚಿಹ್ನೆಗಳೂ ಸ್ವಭಾಷೆಯಲ್ಲಿ ಸುಳ್ಳು ಹೇಳುವವನ ಚಿಹ್ನೆಗಳೂ ಹೊರನೋಟಕ್ಕೆ ಒಂದೇ.

ಇಂಥ ಶಬ್ದಗಳು ವಿರಳವಲ್ಲ. ನಮ್ಮ 'ಅನುಮಾನ' ಸಂಶಯ. ಹಿಂದಿಯಲ್ಲಿ ಅದು ಅಂದಾಜು. ನಮ್ಮ 'ಖಂಡಿತ' ನಿಶ್ಚಯ. ಹಿಂದಿ-ಮರಾಠಿಗಳಲ್ಲಿ ಅದು ತುಂಡಾದುದು. ನಮ್ಮ 'ರಾಜೀನಾಮೆ' ಕೆಲಸ ಬಿಡುವ ಪತ್ರ; ಹಿಂದಿಯಲ್ಲಿ ರಾಜಿಯ ಪತ್ರ. ನಂಟಿನ ಶಬ್ದಗಳಂತೂ ಇನ್ನೂ ಅಪಾಯಕರ. 'ಮಾವ' ಎಂದರೆ ಸೋದರಮಾವನೂ ಆಗಬಹುದು, ಹೆಂಡತಿಯ ತಂದೆಯೂ ಆಗಬಹುದು. ತಂದೆಯ ತಮ್ಮನೂ 'ಚಿಕ್ಕಪ್ಪ', ಚಿಕ್ಕಮ್ಮನ ಗಂಡನೂ 'ಚಿಕ್ಕಪ್ಪ'. ಪಾಲುದಾವೆಯಲ್ಲಿ ಮೊದಲನೆಯವನಿಗೆ ಹಕ್ಕಿರಬಹುದು, ಎರಡನೆಯವನು ಹೊರಗಿನವನು. ದೊಡ್ಡಪ್ಪನ ಮಗನನ್ನೂ ನಾವು 'ಅಣ್ಣ'ನೆಂದೇ ಕರೆಯುತ್ತೇವೆ.

ವಕೀಲನ ಕೈಯಲ್ಲಿರುವ ಉಪಾಯಗಳು

ಕಾನೂನು ಇಲ್ಲಿ ಕುರುಡಾಗಿಲ್ಲ. 1872ರ ಕಾಯಿದೆಯ ಸ್ಥಾನದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮವು 2024ರ ಜುಲೈ 1ರಿಂದ ಜಾರಿಗೆ ಬಂದಿದೆ. ಅದರ 146ನೆಯ ಪ್ರಕರಣದಂತೆ, ತನ್ನ ಸಾಕ್ಷಿಗೆ ಉತ್ತರವನ್ನು ಸೂಚಿಸುವಂಥ ಪ್ರಶ್ನೆಯನ್ನು ವಕೀಲನು ಮುಖ್ಯ ವಿಚಾರಣೆಯಲ್ಲಿ ಕೇಳಬಾರದೆಂಬುದು ಸಾಮಾನ್ಯ ನಿಯಮ; ಆದರೆ ಪೀಠಿಕೆಯ ಸಂಗತಿಗಳಿಗೂ ವಿವಾದವಿಲ್ಲದ ಸಂಗತಿಗಳಿಗೂ ನ್ಯಾಯಾಲಯವು ಅನುಮತಿ ಕೊಡಬೇಕು. ಜಾಣ ವಕೀಲನು ಈ ಅನುಮತಿಯನ್ನು ಬಳಸಿಕೊಂಡು ವಂಶವೃಕ್ಷವನ್ನು ಮೊದಲೇ ದಾಖಲೆಗೆ ತರುತ್ತಾನೆ: ಇಂಥವನು ಸಾಕ್ಷಿಯ ಅಕ್ಕನ ಗಂಡ, ಇಂಥವನು ತಂದೆಯ ತಮ್ಮ ಎಂದು, ಹೆಸರು ಹಿಡಿದು. ಮುಂದೆ ಸಾಕ್ಷಿಯು ನಂಟಿನ ಶಬ್ದವನ್ನು ಬಿಟ್ಟು ಹೆಸರನ್ನೇ ಹೇಳಿದರೆ ಸಾಕು.

ಹಿಂದಿನ ಬರಹದಿಂದ ಸಾಕ್ಷಿಯನ್ನು ಖಂಡಿಸಬೇಕಾದರೆ ಆ ಭಾಗವನ್ನು ಅವನ ಗಮನಕ್ಕೆ ತರಬೇಕೆಂದು 148ನೆಯ ಪ್ರಕರಣ ವಿಧಿಸುತ್ತದೆ. ಮರಾಠಿ ಓದಲು ಬಾರದವನ ಮುಂದೆ ಮರಾಠಿ ಕಾಗದವನ್ನು ಹಿಡಿದರೆ ಗಮನಕ್ಕೆ ತಂದಂತಾಗುವುದೆ? ಅದನ್ನು ಕನ್ನಡದಲ್ಲಿ ತಿಳಿಸಿ ಕೇಳಬೇಕೆಂದು ಎದುರು ವಕೀಲನು ಆ ಕ್ಷಣದಲ್ಲಿಯೇ ಎದ್ದು ಹೇಳಬೇಕು. ಪಾಟೀಸವಾಲಿನಲ್ಲಿ ಹುಟ್ಟಿದ ಗೊಂದಲವನ್ನು ಬಿಡಿಸಲು 143ನೆಯ ಪ್ರಕರಣದ ಮರುವಿಚಾರಣೆ ಇದೆ. ಮೇಲಿನ ನಿದರ್ಶನದಲ್ಲಿ 'ಹಣ ಕೊಟ್ಟವನ ಹೆಂಡತಿಯ ಹೆಸರೇನು? ಆಕೆ ನಿಮಗೆ ಏನಾಗಬೇಕು?' ಎಂಬ ಎರಡೇ ಪ್ರಶ್ನೆಗಳು ದಾವೆಯನ್ನು ಉಳಿಸಬಲ್ಲವು.

ಬರೆದುಕೊಂಡ ಹೇಳಿಕೆಯ ಭಾಷೆ ಸಾಕ್ಷಿಗೆ ತಿಳಿಯದಿದ್ದರೆ, ಅವನು ನುಡಿದ ಭಾಷೆಯಲ್ಲಿ ಅದನ್ನು ಅವನಿಗೆ ವಿವರಿಸಬೇಕೆಂದು ಸಿವಿಲ್ ಸಂಹಿತೆಯ 18ನೆಯ ಆದೇಶದ 6ನೆಯ ನಿಯಮ ಹೇಳುತ್ತದೆ. ಫೌಜುದಾರಿ ಖಟ್ಲೆಗಳಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 312ನೆಯ ಪ್ರಕರಣವು, ಸಾಧ್ಯವಾದಲ್ಲಿ ಹೇಳಿಕೆಯನ್ನು ಸಾಕ್ಷಿಯ ಭಾಷೆಯಲ್ಲಿಯೇ ಬರೆದುಕೊಳ್ಳಲು ಅವಕಾಶವೀಯುತ್ತದೆ. ದುಭಾಷಿಯು 1969ರ ಪ್ರಮಾಣ ಕಾಯಿದೆಯಂತೆ ಪ್ರಮಾಣ ಮಾಡಿಯೇ ಭಾಷಾಂತರಿಸಬೇಕು. ಪಕ್ಕದಲ್ಲಿ ನಿಂತ ಯಾರೋ ಪರಿಚಿತರು ಹೇಳಿದುದು ಭಾಷಾಂತರವಲ್ಲ.

ಎಲ್ಲಕ್ಕಿಂತ ಹೆಚ್ಚಿನ ಅಪಾಯ ಅಫಿಡವಿಟ್ಟಿನಲ್ಲಿದೆ. 2002ರ ಜುಲೈಯಿಂದ ಸಿವಿಲ್ ದಾವೆಗಳಲ್ಲಿ ಮುಖ್ಯ ವಿಚಾರಣೆಯು ಅಫಿಡವಿಟ್ಟಿನ ಮೂಲಕವೇ ನಡೆಯುತ್ತದೆ. ಅದನ್ನು ವಕೀಲರ ಕಚೇರಿಯಲ್ಲಿ ಇಂಗ್ಲಿಷಿನಲ್ಲಿಯೋ ಮರಾಠಿಯಲ್ಲಿಯೋ ಸಿದ್ಧಪಡಿಸುತ್ತಾರೆ. ಸಾಕ್ಷಿಯು ಸಹಿ ಹಾಕುತ್ತಾನೆ. ಪಾಟೀಸವಾಲಿನಲ್ಲಿ ಅವನು ಹೊಣೆ ಹೊರಬೇಕಾದುದು ತನ್ನದಲ್ಲದ ಶಬ್ದಗಳಿಗೆ. ಬ್ಯಾಂಕಿನ ಲೆಕ್ಕವನ್ನು ರುಜುವಾತುಪಡಿಸಲು ಒಮ್ಮೆ ನಾನೇ ಕಟಕಟೆಯಲ್ಲಿ ನಿಂತಿದ್ದೆನು. ಅಂಕಿಗಳೆಲ್ಲ ನನ್ನ ಕೈಯವು, ಭಾಷೆಯೂ ಪರಿಚಿತ. ಆದರೂ ಅಫಿಡವಿಟ್ಟಿನ ಒಂದು ವಾಕ್ಯವನ್ನು ವಿವರಿಸೆಂದಾಗ ಅಂಗೈ ಒದ್ದೆಯಾಯಿತು, ಏಕೆಂದರೆ ಆ ವಾಕ್ಯವನ್ನು ಬರೆದವನು ನಾನಲ್ಲ. ಸಹಿ ಹಾಕುವ ಮುನ್ನ ಪ್ರತಿಯೊಂದು ವಾಕ್ಯವನ್ನೂ ಕನ್ನಡದಲ್ಲಿ ಕೇಳಿ ತಿಳಿದುಕೊಳ್ಳಬೇಕೆಂಬ ಬುದ್ಧಿ ಅಂದು ಬಂದಿತು.

ಉಪಸಂಹಾರ

ಗಟ್ಟಿಯಾದ ಧ್ವನಿ, ಮೊನಚಾದ ಮಾತು, ಸಾಕ್ಷಿಯನ್ನು ಬೆದರಿಸುವ ನೋಟ ಇವೇ ವಕೀಲಿಯ ಪ್ರೌಢಿಮೆಯೆಂಬ ಭಾವನೆ ಜನರಲ್ಲಿದೆ. ಭಾಷೆ ತಿಳಿಯದವನನ್ನು ಬೆವರಿಸುವುದು ಸುಲಭ. ಆದರೆ ಮೇಲ್ಮನವಿಯಲ್ಲಿ ದಾಖಲೆಯನ್ನು ಓದುವವನಿಗೆ ಬೆವರು ಕಾಣಿಸದು, ಶಬ್ದ ಮಾತ್ರ ಕಾಣುತ್ತದೆ. ಆದುದರಿಂದ ಶಬ್ದವನ್ನು ಸರಿಯಾಗಿ ದಾಖಲೆಗೆ ತರುವುದೇ ಎರಡೂ ಪಕ್ಷದ ವಕೀಲರ ಮೊದಲ ಕೌಶಲ. ನಮ್ಮ ಸಂಘಗಳಲ್ಲಿ ಕನ್ನಡ, ಮರಾಠಿ, ಇಂಗ್ಲಿಷ್ ಮೂರನ್ನೂ ಬಲ್ಲ ನಿವೃತ್ತರು ಅನೇಕರಿದ್ದಾರೆ. ಕಟಕಟೆ ಹತ್ತಲಿರುವ ಕನ್ನಡಿಗನ ಅಫಿಡವಿಟ್ಟನ್ನು ಅವನಿಗೆ ಓದಿ ಹೇಳುವಷ್ಟು ಕಾಲವನ್ನು ಅವರು ಮೀಸಲಿಟ್ಟರೆ, ಆ ಕಲ್ಯಾಣದಲ್ಲಿ ಬರೆದಿಟ್ಟ ವಿವೇಕವು ಈ ಕಲ್ಯಾಣದ ನ್ಯಾಯಾಲಯದಲ್ಲಿಯೂ ಫಲಿಸೀತು.