ನೀರಿನಿಂದ ಎದ್ದ ಕುದುರೆ

ಮಳೆ ನಿಂತ ಮೇಲೆ ಹಟ್ಟಿಯ ಬಸ್ ನಿಲ್ದಾಣದಲ್ಲಿ ಗುಂಡಿ ದಾಟುವವರು ಒಂದು ಗಳಿಗೆ ಬಗ್ಗಿ ನೋಡಬೇಕು. ಡೀಸೆಲ್ ಹನಿ ಬಿದ್ದ ನೀರಿನ ಮೇಲೆ ನೀಲಿ, ಹಳದಿ, ನೇರಳೆ ಸುಳಿಗಳು ಬಿಚ್ಚಿಕೊಳ್ಳುತ್ತವೆ. ಗಾಲಿ ಹಾಯ್ದರೆ ಮಾಯ. ಅಂಥ ಸುಳಿಯನ್ನು ಮಾಯವಾಗುವ ಮುನ್ನ ಕಾಗದಕ್ಕೆ ಎತ್ತಿಕೊಳ್ಳುವ ವಿದ್ಯೆ ನಾನೂರು ವರ್ಷಗಳ ಹಿಂದೆ ವಿಜಾಪುರದಲ್ಲಿತ್ತು. ನಮ್ಮ ತಾಲ್ಲೂಕಿನ ಮುದಗಲ್ ಕೋಟೆಯನ್ನು ಆಗ ಆಳುತ್ತಿದ್ದವರೂ ಅದೇ ವಿಜಾಪುರದ ಆದಿಲಶಾಹಿ ಸುಲ್ತಾನರು.

ಫಾರ್ಸಿಯಲ್ಲಿ ಈ ವಿದ್ಯೆಯ ಹೆಸರು ಅಬ್ರಿ. ಅಬ್ರ್ ಎಂದರೆ ಮೋಡ. ಅಗಲವಾದ ತಟ್ಟೆಯಲ್ಲಿ ಅಂಟುನೀರು, ಮೆಂತ್ಯ ನೆನೆಸಿದ ಲೋಳೆಯಾದರೂ ಆದೀತು. ಮೇಲೆ ಬಣ್ಣ ಚಿಮುಕಿಸಿ ಕಡ್ಡಿಯಿಂದಲೋ ಬಾಚಣಿಗೆಯಿಂದಲೋ ಎಳೆಯಬೇಕು. ಪಟಿಕದ ನೀರು ಸವರಿದ ಕಾಗದವನ್ನು ಉಸಿರು ಹಿಡಿದು ಹಾಸಿ, ಎತ್ತಬೇಕು. ಮರದ ಅಚ್ಚು ನೂರು ಪ್ರತಿ ಕೊಡುತ್ತದೆ; ನೀರು ಕೊಡುವುದು ಒಂದೇ.

ಇಷ್ಟನ್ನು ಇರಾನಿನವರೂ ತುರ್ಕರೂ ಮಾಡುತ್ತಿದ್ದರು, ಹೆಚ್ಚಾಗಿ ಪುಸ್ತಕದ ಅಂಚಿಗೆ, ರಟ್ಟಿಗೆ. ದಖನ್ನಿನ ಕುಶಲಿಗಳು ಅಲ್ಲಿಗೆ ನಿಲ್ಲಲಿಲ್ಲ. ಬಣ್ಣ ಬೇಡವಾದ ಜಾಗಕ್ಕೆ ಗೋಂದು ಬಳಿದು ತಡೆದರು. ಉಳಿದ ಆಕೃತಿಯೊಳಗೆ ಮಾತ್ರ ಮೋಡ ಇಳಿಯಿತು. ಆನೆ, ಕುದುರೆ, ಫಕೀರ ಹೀಗೆ ಹುಟ್ಟಿದರು.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ಸುಮಾರು 1625ರ ಒಂದು ಚಿತ್ರವಿದೆ, ಎರಡನೇ ಇಬ್ರಾಹಿಂ ಆದಿಲಶಾಹನ ಕಾಲದ್ದು. ಬಡಕಲು ಕುದುರೆ, ಮೇಲೆ ಸವಾರ. ಗೆರೆ ನೋಡಿದರೆ ಎಲುಬಿನ ಗೂಡು. ಮೈ ನೋಡಿದರೆ ಹರಿಯುವ ನೀರು. ಕನಸಿನಲ್ಲಿ ಕಂಡ ಪ್ರಾಣಿಗೆ ಇರುವಂತೆ ಅದಕ್ಕೂ ತೂಕವಿಲ್ಲ. ಉಪವಾಸ ಕೆಡವಿ ಪಳಗಿಸಿದ ಅಹಂಕಾರವೇ ಈ ಕುದುರೆ ಎಂಬುದು ಸೂಫಿಗಳ ಅರ್ಥ. ಇರಬಹುದು. ನಮ್ಮ ಎಡದೊರೆ ಸೀಮೆಯ ಬರ ಕಂಡವರಿಗೆ ಮಾತ್ರ ಮೊದಲು ನೆನಪಾಗುವುದು ಮೇವಿಲ್ಲದ ದನ.

ಯುರೋಪಿನ ಕಲಾವಿದ ಡ್ಯೂರರ್ 1514ರಲ್ಲಿ ತಾಮ್ರದ ತಗಡು ಕೊರೆದು ವಿಷಾದದ ರೆಕ್ಕೆಯ ಹೆಣ್ಣನ್ನು ಅಚ್ಚೊತ್ತಿದ. ಅಲ್ಲಿ ಪ್ರತಿ ಗೆರೆಯೂ ಅವನ ಹಿಡಿತದ್ದು. ನಮ್ಮವನು ಅರ್ಧ ಕೆಲಸವನ್ನು ನೀರಿಗೆ ಬಿಟ್ಟ. ನನಗೆ ಆ ಧೈರ್ಯವೇ ದೊಡ್ಡದೆನಿಸುತ್ತದೆ.

ಚಿತ್ರಕಲಾ ಮೇಷ್ಟ್ರುಗಳಲ್ಲಿ ಒಂದು ಬಿನ್ನಹ: ಒಂದು ಶನಿವಾರ ಮಕ್ಕಳ ಮುಂದೆ ಮೆಂತ್ಯ ನೆನೆಹಾಕಿ. ಬಣ್ಣ ಮುಳುಗಿದರೆ ಲೋಳೆ ತೆಳುವಾಗಿದೆ, ಇನ್ನೊಂದು ಹಿಡಿ ಮೆಂತ್ಯ ಬೇಕು.