ಇಳಿಯಲೇಬೇಕಾದ ಮುಳ್ಳು

ಪಿಸ್ಟನ್ ಎಂಜಿನ್ನಿನ ಹೆಲಿಕಾಪ್ಟರೊಂದು ನೆಲವನ್ನು ಬಿಡುವ ಮುನ್ನ, ಎಂಜಿನ್ನು ಹದವಾಗಿ ಬಿಸಿಯೇರಿ ನೆತ್ತಿಯ ಮೇಲಿನ ರೆಕ್ಕೆಗಳು ಸಮಗತಿಯಲ್ಲಿ ಸುತ್ತುತ್ತಿರುವಾಗ, ಚಾಲಕನು ಕೀಲಿಯನ್ನು ಹಿಂದಕ್ಕೆ ತಿರುಗಿಸಿ, ಎಂಜಿನ್ನಿಗೆ ಕಿಡಿಯೊದಗಿಸುವ ಎರಡು ಮ್ಯಾಗ್ನೆಟೋಗಳಲ್ಲಿ ಒಂದರ ಬಾಯಿ ಕಟ್ಟುತ್ತಾನೆ. ವೇಗಮಾಪಕದ ಮುಳ್ಳು ಕೊಂಚ ಇಳಿಯುವುದನ್ನು ನೋಡಿಕೊಂಡು ಅದನ್ನು ಮತ್ತೆ ಎಚ್ಚರಿಸಿ, ಇನ್ನೊಂದಕ್ಕೂ ಅದೇ ಪರೀಕ್ಷೆಯನ್ನು ಒಡ್ಡುತ್ತಾನೆ. ಸ್ವಸ್ಥವಾದ ಯಂತ್ರವನ್ನು ಬೇಕೆಂದೇ ಕ್ಷಣಕಾಲ ಕುಂಟಿಸುವ ಈ ಆಚಾರಕ್ಕೆ ಹೆಲಿಕಾಪ್ಟರಿಗಿಂತಲೂ ದೀರ್ಘವಾದ ಪೂರ್ವಚರಿತ್ರೆಯುಂಟು.

ಅಯಸ್ಕಾಂತವು ತಂತಿಸುರುಳಿಯ ಬಳಿ ಚಲಿಸಿದರೆ ವಿದ್ಯುತ್ತು ಹುಟ್ಟುವುದೆಂದು ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ತ್ವವನ್ನು ವಾಹನದ ಎಂಜಿನ್ನಿಗೆ ಒಗ್ಗಿಸಿದವನು, ಆಡುಗೋಡಿಯ ಮೈಕೋ ಕಾರ್ಖಾನೆಯ ದೆಸೆಯಿಂದ ಬೆಂಗಳೂರಿಗರಿಗೂ ಹೆಸರಿನಿಂದ ಪರಿಚಿತನಾದ ಜರ್ಮನಿಯ ರಾಬರ್ಟ್ ಬಾಷ್. 1897ರಲ್ಲಿ ಒಂದು ತ್ರಿಚಕ್ರವಾಹನಕ್ಕೆ ಅವನು ಜೋಡಿಸಿದ ಮ್ಯಾಗ್ನೆಟೋವನ್ನು, ಅವನ ಸಹಾಯಕನಾದ ಗಾಟ್ಲೋಬ್ ಹೊನೋಲ್ಡನು 1902ರ ವೇಳೆಗೆ ಸ್ಪಾರ್ಕ್ ಪ್ಲಗ್ಗಿನೊಡನೆ ದುಡಿಯುವ ಅಧಿಕ ವೋಲ್ಟೇಜಿನ ಸಾಧನವನ್ನಾಗಿ ಬೆಳೆಸಿದನು. ಮರುವರ್ಷ ರೈಟ್ ಸೋದರರು ಹಾರಿದಾಗ, ಎಂಜಿನ್ನನ್ನು ಹೊತ್ತಿಸಲು ಬೇಕಾದ ಬ್ಯಾಟರಿಯು ನೆಲದಲ್ಲೇ ಉಳಿಯಿತು. ವಿಮಾನದೊಡನೆ ಮೇಲೇರಿದ್ದು ಮ್ಯಾಗ್ನೆಟೋ. ಎಂಜಿನ್ನು ತಿರುಗುತ್ತಿರುವವರೆಗೂ ಕಿಡಿಯನ್ನು ತಾನೇ ಹುಟ್ಟಿಸಿಕೊಳ್ಳುವ ಈ ಸ್ವಾವಲಂಬನೆಯೇ ಆಕಾಶಯಾನಿಗಳ ಮನಸ್ಸನ್ನು ಗೆದ್ದಿತು.

ಆದರೆ ಆ ಒಂದು ಸಾಧನವೇ ಕೈಕೊಟ್ಟರೆ? ಈ ಶಂಕೆಗೆ ಉತ್ತರವಾಗಿ, ಪ್ರತಿಯೊಂದು ಸಿಲಿಂಡರಿಗೂ ಎರಡೆರಡು ಪ್ಲಗ್ಗುಗಳೂ, ಅವುಗಳಿಗೆ ಪರಸ್ಪರ ಹಂಗಿಲ್ಲದ ಎರಡು ಮ್ಯಾಗ್ನೆಟೋಗಳೂ ಬಂದುವು. ಎರಡು ಕಡೆಯಿಂದ ಜ್ವಾಲೆ ಹಬ್ಬಿದಾಗ ಇಂಧನವು ತ್ವರಿತವಾಗಿ ಉರಿಯುತ್ತದೆ. ಒಂದು ಕಿಡಿಯನ್ನು ತಡೆದರೆ ದಹನವು ನಿಧಾನವಾಗಿ ಶಕ್ತಿ ಕುಂದುತ್ತದೆ. ಮುಳ್ಳು ಇಳಿಯುವುದು ಈ ಕಾರಣದಿಂದಲೇ.

1939ರಲ್ಲಿ ಸಿಕೋರ್ಸ್ಕಿಯ ವಿಎಸ್-300 ನೆಲದಿಂದ ಎದ್ದಾಗಲೂ, 1946ರಲ್ಲಿ ಬೆಲ್ 47 ನಾಗರಿಕ ಬಳಕೆಗೆ ಅನುಮತಿ ಪಡೆದಾಗಲೂ, ಅವುಗಳ ಒಡಲಲ್ಲಿದ್ದುದು ಪಿಸ್ಟನ್ ಎಂಜಿನ್ನೇ. ಇಂದು ಹಾರಾಟ ಕಲಿಯುವ ವಿದ್ಯಾರ್ಥಿಗಳ ಕೈಯಲ್ಲಿ ವಿಶೇಷವಾಗಿ ಪಳಗಿರುವುದು, 1979ರಲ್ಲಿ ಮಾನ್ಯತೆ ಪಡೆದ ಕ್ಯಾಲಿಫೋರ್ನಿಯದ ರಾಬಿನ್ಸನ್ ಆರ್22. ಅದರ ಎಂಜಿನ್ನು ಶೇಕಡಾ 75ರ ವೇಗದಲ್ಲಿರುವಾಗ ಪರೀಕ್ಷೆ ನಡೆಯತಕ್ಕದ್ದು; ಎರಡು ಸೆಕೆಂಡುಗಳಲ್ಲಿ ಇಳಿತವು ಶೇಕಡಾ 7ನ್ನು ಮೀರಕೂಡದು. ನಮ್ಮ ಚೇತಕ್‌ನಂಥ ಟರ್ಬೈನ್ ಹೆಲಿಕಾಪ್ಟರುಗಳಿಗೆ ಈ ವ್ರತವಿಲ್ಲ. ಅಲ್ಲಿ ಒಮ್ಮೆ ಹೊತ್ತಿದ ಜ್ವಾಲೆಯು ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ.

ಇಳಿತ ಹೆಚ್ಚಾದರೆ ಹಾರಬಾರದೆಂಬುದು ಯಾರಿಗೂ ಹೊಳೆಯುವ ಮಾತು. ನನಗೆ ಸ್ವಾರಸ್ಯವಾಗಿ ಕಾಣುವುದು ಮುಳ್ಳು ಇಳಿಯದೆಯೇ ನಿಂತಾಗಿನ ಭಯ. ಮ್ಯಾಗ್ನೆಟೋವನ್ನು ಆರಿಸುವುದೆಂದರೆ ಅದರ ವಿದ್ಯುತ್ತನ್ನು ಒಂದು ತಂತಿಯ ಮೂಲಕ ಯಂತ್ರದ ಲೋಹಕಾಯಕ್ಕೆ ಇಳಿಸಿಬಿಡುವುದು. ಆ ತಂತಿ ತುಂಡಾಗಿದ್ದರೆ ಕೀಲಿ ಏನನ್ನೇ ಹೇಳಲಿ, ಮ್ಯಾಗ್ನೆಟೋ ಜೀವಂತ. ಅಂಥ ಯಂತ್ರವನ್ನು ನಿಲ್ಲಿಸಿ, ಕೀಲಿಯನ್ನು ಜೇಬಿಗಿಳಿಸಿಕೊಂಡ ಮೆಕ್ಯಾನಿಕ್ಕನು, ಎಂಜಿನ್ನಿಗೇ ಬಿಗಿದಿರುವ ಹಿಂಬದಿಯ ದೊಡ್ಡ ಫ್ಯಾನನ್ನು ಕೈಯಿಂದ ಒಂದಿಷ್ಟು ತಿರುಗಿಸಿದನೆಂದರೆ, ಸಿಲಿಂಡರಿನಲ್ಲಿ ಉಳಿದ ಇಂಧನಕ್ಕೆ ಒಂದು ಕಿಡಿ ಸಾಕು.